ಧೂಳಲ್ಲ, ಒರೆಸುವ ಕೈ



ಶಾಲೆಯ ದಿನಗಳು, ಪರೀಕ್ಷೆಯ ಪ್ರಸಂಗಗಳು, ಹಳೆಯ ಸಹೋದ್ಯೋಗಿಗಳ ನೆನಪು ಇವುಗಳನ್ನೇ ಬರೆಯುತ್ತಿದ್ದ ಮೇಷ್ಟ್ರು ಈ ಸಲ ಕಾರು ತೊಳೆಯುವ ವಿಷಯವನ್ನು ಕೈಗೆತ್ತಿಕೊಂಡಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಧಾರಾಳವಾಗಿ ನಗಬಹುದು. ಆದರೆ ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದವನೊಬ್ಬ, ತಾನೇ ಹೇಳಿಕೊಟ್ಟ ಪಾಠವನ್ನು ಮರೆತು, ನಿರಪರಾಧಿಯೊಬ್ಬನ ಮೇಲೆ ತಪ್ಪು ಹೊರಿಸಿದ ಸಂಗತಿ ಇದು. ಬರೆಯದೆ ಇದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಬರೆದರೆ ನಿಮ್ಮ ಕಾರಿನ ಬಣ್ಣವಾದರೂ ಉಳಿದೀತು.

ನಿಮಗೆ ಗೊತ್ತಿರುವಂತೆ ನಾನು ಸೇವೆಯಲ್ಲಿದ್ದಷ್ಟು ಕಾಲವೂ ಸೈಕಲ್ಲು, ಆಮೇಲೆ ಒಂದು ಸ್ಕೂಟರು, ಇಷ್ಟರಲ್ಲೇ ತೃಪ್ತನಾಗಿದ್ದವನು. 2021ರಲ್ಲಿ ಮಗನಿಗೆ ಪುಣೆಗೆ ವರ್ಗವಾದಾಗ ತನ್ನ ಸಣ್ಣ ಕಾರನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಬಿಟ್ಟು ಹೋದ. ಗಾಢ ನೀಲಿ ಬಣ್ಣ. ಇಳಿವಯಸ್ಸಿನಲ್ಲಿ ಮನೆಗೆ ಬಂದ ಮೊಮ್ಮಗುವಿನಂತೆ ಅದನ್ನು ನೋಡಿಕೊಂಡೆ. ಬೆಳಗಿನ ಕಾಫಿಯಾದೊಡನೆ ಹಳೆಯ ಪಂಚೆಯ ತುಂಡೊಂದನ್ನು ಹಿಡಿದು ಹೊರಟೆನೆಂದರೆ ಬಾನೆಟ್ಟಿನಿಂದ ಬಾಗಿಲಿನವರೆಗೆ ಒರೆಸಿದ ಮೇಲೆಯೇ ಪತ್ರಿಕೆ ಓದು. ತರಕಾರಿ ತಂದ ಮೇಲೆ ಮತ್ತೊಮ್ಮೆ, ಸಂಜೆ ಒಮ್ಮೆ. ನಮ್ಮ ಬೀದಿಯಲ್ಲಿ ಒಂದಲ್ಲ ಒಂದು ಕಾರಣಕ್ಕೆ ರಸ್ತೆ ಅಗೆಯುವುದು ನಿಲ್ಲುವುದಿಲ್ಲವಾದ್ದರಿಂದ ಧೂಳಿಗೂ ಬರವಿಲ್ಲ, ನನ್ನ ಕೆಲಸಕ್ಕೂ ಬರವಿಲ್ಲ.

ಇದಲ್ಲದೆ ಕಾರು ತೊಳೆಯಲು ಒಬ್ಬಾತ ಬರುತ್ತಿದ್ದ. ಬೆಳಗಿನ ಐದೂವರೆಗೆ ಬಂದು ಬೀದಿಯ ಹದಿನಾಲ್ಕು ಕಾರುಗಳನ್ನು ಏಳೂವರೆಯೊಳಗೆ ಮುಗಿಸಿ, ಮುಂದಿನ ಬೀದಿಗೆ ಹೋಗಬೇಕು. ಒಂದು ಬಕೆಟ್ಟು, ಒಂದು ಬಟ್ಟೆ, ಹತ್ತಿ ನಿಲ್ಲಲು ಒಂದು ಪ್ಲಾಸ್ಟಿಕ್ ಸ್ಟೂಲು. ತಿಂಗಳಿಗೆ ಏಳು ನೂರು ರೂಪಾಯಿ ಕೊಡುತ್ತಿದ್ದೆವು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನಿಗೆ ಮುಜುಗರವಾದೀತು.

2024ರ ಸಂಕ್ರಾಂತಿಯ ಆಸುಪಾಸು. ಒಂದು ಸಂಜೆ ಪಡುವಣದ ಓರೆ ಬಿಸಿಲು ನೇರವಾಗಿ ಬಾನೆಟ್ಟಿನ ಮೇಲೆ ಬಿದ್ದಿತ್ತು. ನೋಡುತ್ತೇನೆ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಸಾವಿರಾರು ಕೂದಲೆಳೆಯ ಗೀರುಗಳು! ನನ್ನ ಎದೆ ಧಸಕ್ಕೆಂದಿತು. ಮರುದಿನ ಬೆಳಿಗ್ಗೆ ಗೇಟಿನ ಬಳಿಯೇ ಆತನನ್ನು ನಿಲ್ಲಿಸಿ, ತರಗತಿಯಲ್ಲಿ ನೀವೆಲ್ಲ ಕೇಳಿ ಬಲ್ಲ ಆ ಧ್ವನಿಯಲ್ಲಿ ಬೈದೆ. ಆತ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದ: "ಮೇಷ್ಟ್ರೇ, ನಾನು ನೀರು ಹಾಕಿ ತೊಳೀತೀನಿ. ಒಣ ಬಟ್ಟೇಲಿ ಒರೆಸೋದು ನೀವಲ್ವಾ?"

ಅದನ್ನು ನಾನು ಉದ್ಧಟತನವೆಂದು ತಿಳಿದೆ. ಇನ್ನು ಬರಬೇಡವೆಂದೆ. ಆ ತಿಂಗಳ ಹಣದಲ್ಲಿ ಇನ್ನೂರು ರೂಪಾಯಿ ಹಿಡಿದುಕೊಂಡೇ ಕೊಟ್ಟೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು, ಏನೂ ಹೇಳಲಿಲ್ಲ. ನಲವತ್ತು ವರ್ಷದ ದಾಂಪತ್ಯದಲ್ಲಿ ಆ ಮೌನದ ಅರ್ಥ ನನಗೆ ಗೊತ್ತಿಲ್ಲದ್ದಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರುಗಳ ಟಿಂಕರಿಂಗ್, ಪೇಂಟಿಂಗ್ ಕೆಲಸದ ವರ್ಕ್‌ಶಾಪು ಇಟ್ಟಿದ್ದಾನೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಮೂವತ್ತೈದು ಅಂಕ ಬರಲು ತಿಣುಕಾಡಿದ ಹುಡುಗ. ಗೀರುಗಳನ್ನು ತೆಗೆಸೋಣವೆಂದು ಕಾರನ್ನು ಅವನಲ್ಲಿಗೆ ಒಯ್ದೆ. ಆತ ಪಾಲಿಶ್ ಯಂತ್ರವನ್ನು ಮುಟ್ಟಲಿಲ್ಲ. ಕಾರನ್ನು ನೆರಳಿಗೆ ನಿಲ್ಲಿಸಿ, ಟಾರ್ಚು ಹಿಡಿದು ಇಂಚಿಂಚಾಗಿ ನೋಡಿದ. ಬಾನೆಟ್ಟಿನ ಬಲ ಅರ್ಧ ಮತ್ತು ಚಾಲಕನ ಬಾಗಿಲಿನ ಮೇಲೆ ಕಮಾನಿನಾಕಾರದ ಗೀರುಗಳು ದಟ್ಟವಾಗಿದ್ದವು. ಛಾವಣಿಯ ನಡುಭಾಗದಲ್ಲಿಯೂ ಎಡಗಡೆಯ ಬಾಗಿಲುಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಮಾತ್ರ. "ಸಾರ್, ಈ ಬಲಗಡೆ ಯಾರ ಕೈ ಓಡಾಡುತ್ತೆ?" ಎಂದು ಕೇಳಿದ.

ನಾನು ಉತ್ತರ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ಮನೆಯಲ್ಲಿ ಕಾರಿನ ಎಡಬದಿ ಕಾಂಪೌಂಡಿಗೆ ಒತ್ತಿಕೊಂಡು ನಿಲ್ಲುತ್ತದೆ. ಆ ಸಂದಿಯಲ್ಲಿ ನನ್ನ ದೇಹ ತೂರುವುದಿಲ್ಲ. ಛಾವಣಿಯ ನಡುವಿಗೆ ನನ್ನ ಕೈ ಎಟುಕುವುದಿಲ್ಲ. ಆ ಎರಡು ಜಾಗಗಳನ್ನು ಮುಟ್ಟುತ್ತಿದ್ದವನು ಅವನೊಬ್ಬನೇ, ಅದೂ ಒದ್ದೆ ಬಟ್ಟೆಯಲ್ಲಿ. ಒಂದೇ ಕಾರು, ಒಂದೇ ಧೂಳು, ಒಂದೇ ಬಿಸಿಲು. ವ್ಯತ್ಯಾಸ ಒಂದೇ, ನನ್ನ ಕೈ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಇಡಬೇಕು, ಆಗ ಕಾರಣ ತಾನಾಗಿ ತಿಳಿಯುತ್ತದೆ ಎಂದು ನಿಮಗೆ ಎಷ್ಟು ಸಲ ಹೇಳಿದ್ದೇನೋ! ಆ ಪ್ರಯೋಗವು ನನ್ನ ಮನೆಯ ಮುಂದೆಯೇ ಮೂರು ವರ್ಷ ನಡೆದಿತ್ತು. ಫಲಿತಾಂಶವನ್ನು ಓದುವ ಮೊದಲೇ ನಾನು ತೀರ್ಪು ಕೊಟ್ಟುಬಿಟ್ಟಿದ್ದೆ.

ಈಗ ವಿಷಯಕ್ಕೆ ಬರೋಣ. ಇಂದಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ಲೋಹದ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ. ನಾವು ಹೊಳಪು ಎನ್ನುವುದು ಈ ಕೊನೆಯ ಪದರದ್ದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಎಲ್ಲ ಪದರಗಳೂ ಸೇರಿ ದಪ್ಪ ಎಷ್ಟು ಗೊತ್ತೇ? ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ನಿಮ್ಮ ಕಚೇರಿಯಲ್ಲಿ ಬಳಸುವ ಒಂದು ಹಾಳೆ ಕಾಗದದಷ್ಟು ಎನ್ನಬಹುದು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್; ಅರ್ಧ ಹಾಳೆಯೂ ಇಲ್ಲ.

ಇನ್ನು ಧೂಳು. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಇದ್ದೇ ಇರುತ್ತವೆ. ಕಾಠಿಣ್ಯದ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7, ಗಾಜಿಗೆ ಸುಮಾರು 5.5. ಗಾಜನ್ನೇ ಗೀರಬಲ್ಲ ಕಣವು ಅದಕ್ಕಿಂತಲೂ ಮೆತ್ತಗಿರುವ ಲೇಪವನ್ನು ಬಿಟ್ಟೀತೆ? ಆ ಕಣ ತಾನಾಗಿ ಕುಳಿತಿರುವಾಗ ಏನೂ ಮಾಡುವುದಿಲ್ಲ. ಅದರ ಮೇಲೆ ಬಟ್ಟೆಯನ್ನಿಟ್ಟು, ಅಂಗೈಯಿಂದ ಒತ್ತಿ ಎಳೆದಾಗ ಅದು ಉಳಿಯಾಗುತ್ತದೆ. ಪಂಚೆ ಎಷ್ಟು ಮೃದುವಾಗಿದ್ದರೇನು? ಗೀರುವುದು ಪಂಚೆಯಲ್ಲ, ಪಂಚೆ ಹಿಡಿದುಕೊಂಡ ಕಲ್ಲು. ಚಿಕ್ಕಂದಿನಲ್ಲಿ ನಾವು ಸ್ಲೇಟನ್ನು ಮರಳು ಮೆತ್ತಿದ ತೋಳಿನಿಂದ ಒರೆಸಿ ಅದು ಗೀಚುಗೀಚಾದದ್ದನ್ನು ಕಂಡವರೇ. ಕಾರು ಕೈಗೆ ಬಂದಾಗ ಸ್ಲೇಟಿನ ಪಾಠ ನೆನಪಿಗೆ ಬರಲಿಲ್ಲ.

ಗೀರುಗಳು ಜೇಡರಬಲೆಯಂತೆ ಕಾಣುವುದಕ್ಕೂ ಕಾರಣವಿದೆ. ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿನ ಬಿಂಬದ ಸುತ್ತ, ಅದಕ್ಕೆ ಅಡ್ಡಲಾಗಿ ಇರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ. ಆದ್ದರಿಂದ ದೀಪವನ್ನು ಎಲ್ಲಿ ಹಿಡಿದರೂ ಅದನ್ನೇ ಕೇಂದ್ರವಾಗಿಟ್ಟುಕೊಂಡು ವೃತ್ತಗಳು ಕಾಣುತ್ತವೆ. ಗಾಢ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ, ಬಿಳಿಯಲ್ಲಿ ಅಡಗಿರುತ್ತದೆ. ಬಿಳಿ ಕಾರಿನವರು ತಮ್ಮದರಲ್ಲಿ ಗೀರಿಲ್ಲವೆಂದು ಬೀಗಬೇಕಾಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು: ಕಾರಿನ ಮೇಲೆ ನಾಲ್ಕು ದಿನ ಧೂಳು ಇದ್ದರೆ ಅವಮಾನವೇನಲ್ಲ. ದಿನವೂ ಒಣಬಟ್ಟೆಯಲ್ಲಿ ಒರೆಸುವುದನ್ನು ನಾವು ಶುಚಿತ್ವ ಎಂದು ಕರೆಯುತ್ತೇವೆ. ವಾಸ್ತವದಲ್ಲಿ ಅದು ಕಾರನ್ನು ದಿನವೂ ಸ್ವಲ್ಪ ಸ್ವಲ್ಪ ಉಜ್ಜಿ ತೆಗೆಯುವುದು. ಗಾಜುಗಳನ್ನು ಮಾತ್ರ ನೀರು ಹಾಕಿ ಒರೆಸಿಕೊಳ್ಳಿ, ಅದು ಸುರಕ್ಷತೆಯ ಪ್ರಶ್ನೆ. ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ತೆಗೆಯಬೇಕು. ಅದರಲ್ಲಿ ಯೂರಿಕ್ ಆಮ್ಲವಿದೆ, ಮೇಲಾಗಿ ಬಿಸಿಲಿನಲ್ಲಿ ಒಣಗಿ ಲೇಪವನ್ನು ಕಚ್ಚಿಕೊಂಡುಬಿಡುತ್ತದೆ. ಆದರೆ ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಡಿ, ನೆನೆದ ಮೇಲೆ ಮೆಲ್ಲನೆ ಎತ್ತಿಕೊಳ್ಳಿ. ಮಾವಿನ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿನ ಅಂಟು ತಪ್ಪಿದ್ದಲ್ಲ. ಅದಕ್ಕೂ ಇದೇ ಉಪಾಯ.

ಇನ್ನೊಂದು ಮಾತು, ಬಹುಶಃ ಮುಖ್ಯವಾದ ಮಾತು. ನನ್ನ ಕಾರಿನ ಗೀರುಗಳಲ್ಲಿ ಕೆಲವಾದರೂ ತೊಳೆಯುವವನ ಬಕೆಟ್ಟಿನಿಂದ ಬಂದಿರಬಹುದು. ಹದಿನಾಲ್ಕು ಕಾರುಗಳ ಮಣ್ಣು ಒಂದೇ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಸೇರಿದರೆ ಬೇರೇನಾದೀತು? ಆದರೆ ಆ ವ್ಯವಸ್ಥೆ ಮಾಡಿದವರು ಯಾರು? ದಿನವೂ ಬರಬೇಕು, ಏಳೂವರೆಯೊಳಗೆ ಮುಗಿಸಬೇಕು, ನೀರು ಹೆಚ್ಚು ಬಳಸಬಾರದು, ಹಣ ಹೆಚ್ಚು ಕೇಳಬಾರದು. ಇವೆಲ್ಲ ನಮ್ಮ ಷರತ್ತುಗಳು. ಹತ್ತು ಲಕ್ಷದ ಕಾರು ಕೊಂಡವನು ನೂರು ರೂಪಾಯಿಯ ಒಂದು ಒಳ್ಳೆಯ ಬಟ್ಟೆಯನ್ನು ಅದನ್ನು ತೊಳೆಯುವವನ ಕೈಗೆ ಕೊಡುವುದಿಲ್ಲ. ಗೀರು ಕಂಡ ದಿನ ಮಾತ್ರ ಅವನ ಕೈಯನ್ನು ದೂರುತ್ತಾನೆ. ದಿನವೂ ಬರುವ ಏಳು ನೂರು ರೂಪಾಯಿಯ ಕೆಲಸಕ್ಕಿಂತ ವಾರಕ್ಕೊಂದು ಸಲ ಬರುವ ಏಳು ನೂರು ರೂಪಾಯಿಯ ಕೆಲಸ ಕಾರಿಗೂ ಅವನಿಗೂ ಒಳ್ಳೆಯದು ಎಂದು ನಾನೀಗ ದೃಢವಾಗಿ ನಂಬಿದ್ದೇನೆ.

ನೀರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಬೇಸಿಗೆಯ ಬವಣೆಯನ್ನು ಬೆಂಗಳೂರಿನವರು ಮರೆತಿರಲಾರರು. ಆ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಿನಿಂದ ಏರಿ ನಮ್ಮ ನಲ್ಲಿಗೆ ಬರುತ್ತದೆ. ಅಂಥ ನೀರನ್ನು ಚಕ್ರದ ಮಣ್ಣಿಗೆ ಸುರಿಯುವುದು ದಂಡವಿರಲಿ ಬಿಡಲಿ ತಪ್ಪೇ. ನಮ್ಮ ಮನೆಯ ಪೈಪು ಹದಿನೈದು ಲೀಟರಿನ ಬಕೆಟ್ಟನ್ನು ಒಂದೇಕಾಲು ನಿಮಿಷದಲ್ಲಿ ತುಂಬುತ್ತದೆ. ಹಿಂದೆ ನಾನು ಭಾನುವಾರಗಳಂದು ಇಪ್ಪತ್ತು ನಿಮಿಷ ಪೈಪು ಹಿಡಿಯುತ್ತಿದ್ದೆ. ಲೆಕ್ಕ ನೀವೇ ಹಾಕಿ: 240 ಲೀಟರ್. ಈಗ ನಾಲ್ಕು ಬಕೆಟ್ಟಿನಲ್ಲಿ, 60 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ಅದೂ ತಾರಸಿಯಿಂದ ಡ್ರಮ್ಮಿಗೆ ಹಿಡಿದ ಮಳೆನೀರಿನಲ್ಲಿ. ಮಳೆಯಿಲ್ಲದ ತಿಂಗಳುಗಳಲ್ಲಿ ಬೋರ್‌ವೆಲ್ ನೀರು.

ಮಳೆನೀರಿಗೆ ಇನ್ನೊಂದು ಗುಣವಿದೆ, ಅದು ಮೆದು ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಹನಿ ಆರಿದಾಗ ನೀರು ಹೋಗುತ್ತದೆ, ಲವಣ ಬಿಳಿಯ ಉಂಗುರವಾಗಿ ಉಳಿಯುತ್ತದೆ. ಗೀಸರಿನೊಳಗೆ ಕಟ್ಟುವ ಬಿಳಿ ಹೊಪ್ಪಳಿಕೆಯ ಬಂಧು ಇದು. ಅಡುಗೆಮನೆಯ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ಕಾರಿಗೆ ಬಳಸುವವರಿದ್ದಾರೆ. ಉಳಿತಾಯದ ಯೋಚನೆಯೇನೋ ಒಳ್ಳೆಯದೇ, ಆದರೆ ಅದರಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚಿರುತ್ತದೆ. ಅದು ಚಕ್ರಕ್ಕೂ ಕಾಲಡಿಯ ಮ್ಯಾಟಿಗೂ ಇರಲಿ, ಬಣ್ಣಕ್ಕೆ ಬೇಡ.

ನನ್ನ ವಿದ್ಯಾರ್ಥಿ ನನಗೆ ಹೇಳಿಕೊಟ್ಟ ಕ್ರಮವನ್ನು ಹಾಗೆಯೇ ಬರೆಯುತ್ತೇನೆ. ಬಿಸಿಲೇರುವ ಮೊದಲು, ನೆರಳಿನಲ್ಲಿ, ಬಾನೆಟ್ಟು ತಣ್ಣಗಿರುವಾಗ ಕೆಲಸ ಆರಂಭಿಸಬೇಕು. ಬಿಸಿ ಮೈಮೇಲೆ ಸೋಪಿನ ನೀರೂ ಬರಿಯ ನೀರೂ ತೊಳೆಯುವ ಮುನ್ನವೇ ಒಣಗಿ ಕಲೆ ಬಿಡುತ್ತವೆ. ಮೊದಲು ಚಕ್ರಗಳನ್ನು ಅವುಗಳಿಗೇ ಮೀಸಲಾದ ಬಟ್ಟೆಯಿಂದ ತೊಳೆದು, ಆ ಬಟ್ಟೆಯನ್ನು ದೂರವಿಡಬೇಕು. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಅಲ್ಲಿರುತ್ತದೆ. ಆ ಬಟ್ಟೆ ಬಾಗಿಲಿಗೆ ಎಂದೂ ತಾಗಕೂಡದು. ಆಮೇಲೆ ಮೈಮೇಲೆ ಬರಿಯ ನೀರು, ಛಾವಣಿಯಿಂದ ಕೆಳಕ್ಕೆ. ನಾನು ಹೂಗಿಡಗಳಿಗೆ ನೀರು ಹನಿಸುವ ತೂತುಮೂತಿಯ ಡಬ್ಬವನ್ನೇ ಬಳಸುತ್ತೇನೆ. ಕೈ ತಾಗಿಸದೆ ಎಷ್ಟು ಮಣ್ಣು ಇಳಿದು ಹೋಗುವುದೋ ಅಷ್ಟು ಗೀರು ಕಡಿಮೆ.

ಅನಂತರ ಎರಡು ಬಕೆಟ್ಟು. ಒಂದರಲ್ಲಿ ಕಾರಿಗೆಂದೇ ಮಾಡಿದ ಶ್ಯಾಂಪೂ ಕಲೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶ್ಯಾಂಪೂವಿನಲ್ಲಿ ಅದ್ದಿ, ಒತ್ತದೆ, ಅದರ ಭಾರದಿಂದಲೇ ನೇರ ಗೆರೆಯಲ್ಲಿ ಎಳೆಯಬೇಕು. ಚಪಾತಿ ಹಿಟ್ಟು ನಾದಿದಂತೆ ಸುತ್ತಬಾರದು. ಒಂದು ಭಾಗವಾದ ಕೂಡಲೇ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಮತ್ತೆ ಶ್ಯಾಂಪೂವಿಗೆ. ಮಣ್ಣು ಎರಡನೆಯ ಬಕೆಟ್ಟಿನ ತಳದಲ್ಲಿ ಉಳಿಯುತ್ತದೆ, ಕಾರಿಗೆ ಹಿಂತಿರುಗುವುದಿಲ್ಲ. ಮೊದಲ ದಿನ ಆ ತಳದಲ್ಲಿ ಕೂತ ಮರಳನ್ನು ಬೆರಳಿಂದ ಮುಟ್ಟಿ ನೋಡಿದಾಗ, ಮೂರು ವರ್ಷ ನಾನು ಏನನ್ನು ಹಿಡಿದು ಉಜ್ಜುತ್ತಿದ್ದೆ ಎಂಬುದು ಅರ್ಥವಾಯಿತು. ಛಾವಣಿ, ಗಾಜು, ಬಾನೆಟ್ಟು, ಬಾಗಿಲಿನ ಮೇಲರ್ಧ, ಕೊನೆಗೆ ಹೆಚ್ಚು ಕೊಳೆಯಾಗುವ ಕೆಳಭಾಗ, ಇದು ಅನುಕ್ರಮ. ಬಟ್ಟೆ ನೆಲಕ್ಕೆ ಬಿದ್ದರೆ ಅಂದಿನ ಮಟ್ಟಿಗೆ ಅದರ ಕೆಲಸ ಮುಗಿಯಿತು. ಕೊಡವಿ ಮತ್ತೆ ಬಳಸುವಂತಿಲ್ಲ. ಕಡೆಯಲ್ಲಿ ಬರಿಯ ನೀರು ಹಾಕಿ, ದಪ್ಪನೆಯ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ ನೀರು ಹೀರಿಸಬೇಕು, ಉಜ್ಜಬಾರದು.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಇವು ಬೇಡ. ಅವು ಎಣ್ಣೆ ಜಿಡ್ಡನ್ನು ಕಿತ್ತು ತೆಗೆಯಲೆಂದು ಮಾಡಿದವು. ಕಾರಿಗೆ ಬಳಿದ ಮೇಣದ ರಕ್ಷೆಯನ್ನೂ ಹಾಗೆಯೇ ಕಿತ್ತು ತೆಗೆಯುತ್ತವೆ. ಒಗೆಯುವ ಪುಡಿಯಂತೂ ಪ್ರತ್ಯಾಮ್ಲೀಯ. ಕಾರಿನ ಶ್ಯಾಂಪೂವಿನ ಮುಖ್ಯ ಕೆಲಸ ನೊರೆಯಲ್ಲ, ಜಾರಿಕೆ. ಕಣ ಮತ್ತು ಲೇಪದ ನಡುವೆ ಘರ್ಷಣೆ ಕಡಿಮೆ ಮಾಡುವುದು. ಘರ್ಷಣೆಯ ಪಾಠ ಎಂಟನೆಯ ತರಗತಿಯದು, ಮರೆತವರು ಮತ್ತೊಮ್ಮೆ ಓದಿಕೊಳ್ಳಿ.

ಆಯುಧಪೂಜೆಯ ಬಗ್ಗೆ ಕೇಳಿದರೆ ಪೂಜೆ ಅಗತ್ಯವಾಗಿ ಮಾಡಿ. ಅರಿಸಿನ ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವ ಬದಲು ಗಾಜಿಗೆ ಹಚ್ಚಿ, ದೇವರಿಗೆ ಬೇಸರವಾಗದು. ಬಿಳಿ ಕಾರಿನ ಬಾನೆಟ್ಟಿನಲ್ಲಿ ಮುಂದಿನ ನವಮಿಯವರೆಗೂ ಉಳಿದ ಕುಂಕುಮದ ಕಲೆಯನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಅರಿಸಿನದ ಕಲೆಗೆ ಸೋಪು ಉಜ್ಜಿದರೆ ಅದು ಕೆಂಪಾಗುತ್ತದೆ ಎಂಬುದು ಪ್ರಯೋಗಾಲಯದಲ್ಲಿ ನೀವೇ ಮಾಡಿ ನೋಡಿದ್ದು.

"ಹೋಗಲಿ, ಬಿದ್ದ ಗೀರುಗಳನ್ನು ಪಾಲಿಶ್ ಮಾಡಿ ತೆಗೆದುಬಿಡು" ಎಂದು ನನ್ನ ವಿದ್ಯಾರ್ಥಿಗೆ ಹೇಳಿದೆ. ಆತ ಅಂದ ಮಾತು ಇದು: "ಸಾರ್, ಪಾಲಿಶ್ ಅಂದ್ರೆ ಗೀರು ತುಂಬೋದಲ್ಲ, ಗೀರಿನ ಸುತ್ತ ಇರೋದನ್ನ ಗೀರಿನ ಮಟ್ಟಕ್ಕೆ ತಗ್ಗಿಸೋದು. ಇರೋದೇ ಅರ್ಧ ಹಾಳೆ. ಎಷ್ಟು ಸಲ ತಗ್ಗಿಸೋಣ?" ಉಗುರಿಗೆ ತಾಕುವಷ್ಟು ಆಳದ ಗೀರನ್ನು ಹಾಗೆ ತೆಗೆಯಲು ಹೋಗಲೇಬಾರದಂತೆ. ಕೊನೆಗೆ ಒಮ್ಮೆ, ಹಗುರವಾಗಿ, ಬಾನೆಟ್ಟಿಗೆ ಮಾತ್ರ ಪಾಲಿಶ್ ಮಾಡಿ, ಮೇಲೆ ಮೇಣ ಹಚ್ಚಿಕೊಟ್ಟ. ಬಾಗಿಲಿನವು ಹಾಗೆಯೇ ಇವೆ. ನಾನೇ ಬೇಡವೆಂದೆ. ಮೂವತ್ತೈದು ಅಂಕದ ಹುಡುಗನಿಂದ ಆ ದಿನ ನಾನು ಕಲಿತದ್ದಕ್ಕೆ ಎಷ್ಟು ಅಂಕ ಕೊಡಬೇಕೋ ತಿಳಿಯದು.

ಮರುದಿನ ಬೆಳಿಗ್ಗೆ ಐದೂವರೆಗೆ ಗೇಟಿನ ಬಳಿ ನಿಂತೆ. ಆತ ಪಕ್ಕದ ಮನೆಯ ಕಾರಿಗೆ ನೀರು ಹಾಕುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ, ಅದು ಸಹಜವೇ. "ನೀನು ಹೇಳಿದ್ದೇ ಸರಿ ಕಣಪ್ಪ, ತಪ್ಪು ನನ್ನದು" ಎಂದೆ. ಹಿಡಿದುಕೊಂಡಿದ್ದ ಇನ್ನೂರು ರೂಪಾಯಿಯನ್ನು ಕೈಗಿತ್ತೆ. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಕೈ ಒರೆಸಿಕೊಂಡು, ಆಮೇಲೆ ತೆಗೆದುಕೊಂಡ. "ಹೋಗ್ಲಿ ಬಿಡಿ ಮೇಷ್ಟ್ರೇ" ಎಂದನೇ ಹೊರತು ನಗಲಿಲ್ಲ. ಮತ್ತೆ ನಮ್ಮ ಮನೆಗೆ ಬರಲು ಒಪ್ಪಿದ್ದು ಹದಿನೈದು ದಿನಗಳ ಮೇಲೆ, ಅದೂ ನಮ್ಮ ಮನೆಯವರು ಕರೆದಾಗ.

ಈಗ ಆತ ಶನಿವಾರ ಮಾತ್ರ ಬರುತ್ತಾನೆ. ಹಣ ಹಿಂದಿನಷ್ಟೇ. ಎರಡು ಬಕೆಟ್ಟು, ನಾಲ್ಕು ಬಟ್ಟೆ ನಮ್ಮವು. ಉಳಿದ ಮನೆಯವರಲ್ಲಿ ಮೂವರು ಇದೇ ಕ್ರಮಕ್ಕೆ ಬಂದಿದ್ದಾರೆ. ಇನ್ನು ಕೆಲವರು ದಿನವೂ ಒರೆಸಿದರೇ ದುಡ್ಡಿಗೆ ಸರಿ ಎನ್ನುತ್ತಾರೆ. ಅವರ ಕಾರು, ಅವರ ಇಷ್ಟ. ವಾರದ ನಡುವೆ ನಮ್ಮ ಕಾರಿನ ಮೇಲೆ ಧೂಳು ಕೂರುತ್ತದೆ. ಮಕ್ಕಳು ಬೆರಳಿನಿಂದ ಅದರ ಮೇಲೆ ಹೆಸರು ಬರೆಯಲು ಬಂದರೆ, ಬಯ್ಯದೆ, ಹೀಗೆ ಬರೆದರೆ ಏನಾಗುತ್ತದೆಂದು ಕರೆದು ಹೇಳುತ್ತೇನೆ. ಹಳೆಯ ಪಂಚೆಯ ತುಂಡು ಇನ್ನೂ ಮೊಳೆಗೆ ನೇತಾಡುತ್ತಿದೆ. ಕೆಲವು ಬೆಳಿಗ್ಗೆ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಆಗ ಚಾಲಕನ ಬಾಗಿಲಿನ ಗೀರುಗಳನ್ನು ನೋಡಿಕೊಂಡು ಪತ್ರಿಕೆ ಓದಲು ಒಳಗೆ ಬರುತ್ತೇನೆ.

ನಿಮ್ಮ ಮನೆಯ ಕಾರನ್ನು ತೊಳೆಯುವವರು ಯಾರು, ಅವರ ಬಕೆಟ್ಟಿನ ನೀರು ಎಷ್ಟು ಕಾರುಗಳನ್ನು ಕಂಡಿರುತ್ತದೆ ಎಂಬುದನ್ನು ಈ ಭಾನುವಾರ ಒಮ್ಮೆ ವಿಚಾರಿಸಿ. ಗೀರು ಕಂಡರೆ ಮೊದಲು ನಿಮ್ಮ ಕೈಯನ್ನು ನೋಡಿಕೊಳ್ಳಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು